ಕೊಲ್ಹಾಪುರಿ ಚಪ್ಪಲಿ: ನಮ್ಮ ಅರ್ಧ ಉತ್ತರ

ಸಾಮಾನ್ಯ ಜ್ಞಾನ ಓದುವಾಗ ಗೆಳೆಯ ಕೇಳಿದ: ‘ಕೊಲ್ಹಾಪುರಿ ಚಪ್ಪಲಿ ಯಾವ ರಾಜ್ಯದ್ದು?’ ‘ಮಹಾರಾಷ್ಟ್ರ’ ಎಂದೆ. ಅದು ಅರ್ಧ ಉತ್ತರ.

2019ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲಿ ತಯಾರಾದ ಚಪ್ಪಲಿ ಕೊಲ್ಹಾಪುರದ ಮಾರುಕಟ್ಟೆಗೆ ಹೋಗಿ ಅದೇ ಹೆಸರಲ್ಲಿ ಮಾರಾಟವಾಗುತ್ತದೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಫ್ಯಾಷನ್ ಶೋನಲ್ಲಿ ಇಂಥದೇ ಚಪ್ಪಲಿ ತೋರಿಸಿತು, ಮೂಲ ಹೇಳಲಿಲ್ಲ. ಟೀಕೆ ಬಂದ ಮೇಲೆ ಭಾರತದ ಕರಕುಶಲತೆಯೇ ಪ್ರೇರಣೆ ಎಂದು ಒಪ್ಪಿತು. ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಜೊತೆ ಒಪ್ಪಂದವೂ ಆಯಿತು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಜಿಐ ಕಾಯುವುದು ಹೆಸರನ್ನು, ವಿನ್ಯಾಸವನ್ನಲ್ಲ. ಪ್ರಾಡಾ ಆ ಹೆಸರನ್ನೇ ಬಳಸಿರಲಿಲ್ಲ! ಆದ್ದರಿಂದ ಮಾಡಿದವರ ಗುರುತು ಜನರಿಗೆ ಗೊತ್ತಿರುವುದೇ ದೊಡ್ಡ ರಕ್ಷಣೆ. ಪ್ರತಿ ಜೋಡಿಯ ಮೇಲೂ ಹೊಲಿದವರ ಹೆಸರು, ಊರು ತಿಳಿಸುವ ಕ್ಯೂಆರ್ ಕೋಡ್ ಇದ್ದರೆ ಎಷ್ಟು ಚೆನ್ನ! ಎಂಜಿನಿಯರಿಂಗ್ ಓದುವ ನಮಗೆ ಅದು ಕಷ್ಟದ ಕೆಲಸವಲ್ಲ.

12ನೇ ಶತಮಾನದ ಹರಳಯ್ಯ ಬಸವಣ್ಣನವರಿಗೆ ಚಪ್ಪಲಿ ಹೊಲಿದ ಕಥೆ ನಮಗೆಲ್ಲ ಗೊತ್ತು. ಪಕ್ಕದ ಓಣಿಯಲ್ಲಿ ಇಂದೂ ಹೊಲಿಯುತ್ತಿರುವವರ ಹೆಸರು ಗೊತ್ತೇ?