ಮುಪ್ಪಿನ ಅನ್ನದ ಹೊಣೆ

ತಿಂಗಳು ತಿಂಗಳೂ ವಿಶ್ರಾಂತಿವೇತನ ಬರುವ ಮನೆಗೂ ಬಾರದ ಮನೆಗೂ ಇರತಕ್ಕ ಅಂತರವನ್ನು ನಮ್ಮ ಗೃಹಸ್ಥ ವಾಚಕರಿಗೆ ವಿವರಿಸಬೇಕಾದುದಿಲ್ಲ. ಒಂದರಲ್ಲಿ ಮುದುಕರು ಮೊಮ್ಮಕ್ಕಳ ಕೈಗೆ ನಾಲ್ಕು ಕಾಸಿಡುವರು. ಇನ್ನೊಂದರಲ್ಲಿ ಔಷಧದ ಚೀಟಿಯನ್ನು ಮಗನಿಗೆ ತೋರಿಸಲು ಹೊತ್ತು ನೋಡುತ್ತ ಕುಳಿತಿರುವರು. ಈ ಅಂತರವು ಕೇವಲ ಹಣೆಯ ಬರಹವಲ್ಲ, ಇದರಲ್ಲಿ ಪ್ರಭುತ್ವಕ್ಕೂ ಹೊಣೆಯುಂಟು ಎಂಬ ಭಾವನೆಯು 1889ರಲ್ಲಿ ಜರ್ಮನಿಯಲ್ಲಿ ಕಾನೂನಿನ ರೂಪವನ್ನು ತಾಳಿತು. ಅದನ್ನು ತಂದ ಬಿಸ್ಮಾರ್ಕನು ದೀನಬಂಧುವೇನೂ ಆಗಿರಲಿಲ್ಲ. ಕಾರ್ಮಿಕರು ಸಮಾಜವಾದಿಗಳ ಕಡೆಗೆ ವಾಲದಂತೆ ತಡೆಯುವುದೇ ಆತನ ಹಂಚಿಕೆ. ಕೆಲಸಗಾರನೂ ಮಾಲೀಕನೂ ಸಮನಾಗಿ ವಂತಿಗೆ ಕೊಡಬೇಕು, ಸರ್ಕಾರವು ತನ್ನದೊಂದಿಷ್ಟನ್ನು ಸೇರಿಸಬೇಕು, 70 ವರ್ಷ ತುಂಬಿದವನಿಗೆ ವೇತನ ಸಲ್ಲಬೇಕು ಎಂದು ಏರ್ಪಾಟಾಯಿತು. (ಆ ವಯಸ್ಸನ್ನು ಮುಟ್ಟುವ ಕಾರ್ಮಿಕರು ಎಷ್ಟು ಮಂದಿ ಎಂದು ಕೇಳುವವರು ಕೇಳಬಹುದು!) ಉದ್ದೇಶವು ಹೇಗಾದರೂ ಇರಲಿ, ಕ್ಷೇಮರಾಜ್ಯವೆಂದು ಮುಂದೆ ಹೆಸರಾದ ಪದ್ಧತಿಗೆ ಅದೊಂದು ಅಸ್ತಿಭಾರವಾಯಿತು.

ಈ ಅಸ್ತಿಭಾರವನ್ನೇ ಕದಲಿಸಿದ ಪ್ರಯೋಗವು ದಕ್ಷಿಣ ಅಮೇರಿಕದ ಚಿಲಿ ದೇಶದಲ್ಲಿ 1981ರಲ್ಲಿ ನಡೆಯಿತು. ಆಗ ಅಲ್ಲಿ ಸೇನಾಧಿಪತಿ ಪಿನೊಚೆಟನ ಆಳ್ವಿಕೆ. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲವೂ ನೆಟ್ಟಗಾಗುವುದೆಂದು ನಂಬಿದ ಅರ್ಥಶಾಸ್ತ್ರಜ್ಞರು ಅವನ ಮಂತ್ರಾಲೋಚಕರು. ಇನ್ನುಮುಂದೆ ಪ್ರತಿಯೊಬ್ಬ ಕೆಲಸಗಾರನೂ ತನ್ನ ಸಂಬಳದಲ್ಲಿ ನೂರಕ್ಕೆ 10ರಂತೆ ಸ್ವಂತ ಖಾತೆಗೆ ಕಟ್ಟತಕ್ಕದ್ದು, ಖಾಸಗಿ ಕಂಪನಿಗಳು ಅದನ್ನು ಬೆಳೆಸತಕ್ಕದ್ದು, ಮುಪ್ಪಿನಲ್ಲಿ ಬೆಳೆದಷ್ಟು ಅವನದು ಎಂದು ಅವರು ವಿಧಿಸಿದರು. ಮಾಲೀಕನ ವಂತಿಗೆಯು ನಿಂತುಹೋಯಿತು. ಇಷ್ಟು ಶ್ರೇಷ್ಠವೆಂದು ಹೊಗಳಿದ ಈ ಪದ್ಧತಿಯಿಂದ ಸೈನಿಕರನ್ನೂ ಪೋಲೀಸರನ್ನೂ ಮಾತ್ರ ಹೊರಗಿಟ್ಟು, ಹಳೆಯ ವೇತನವನ್ನೇ ಉಳಿಸಿಕೊಟ್ಟರು! ಕಾಲಕ್ರಮದಲ್ಲಿ, ಸಂಬಳ ಕಡಮೆಯಿದ್ದವರ ಮತ್ತು ನಡುನಡುವೆ ಕೆಲಸ ತಪ್ಪಿದವರ ಖಾತೆಗಳಲ್ಲಿ ಹೊಟ್ಟೆಗಾಗುವಷ್ಟು ಕೂಡಿಬಂದಿಲ್ಲವೆಂಬುದು ಬಯಲಾಯಿತು. 2008ರಲ್ಲಿ ಸರ್ಕಾರವೇ ಬಡ ವೃದ್ಧರಿಗೆ ಬೊಕ್ಕಸದಿಂದ ವೇತನ ಕೊಡಬೇಕಾಯಿತು. 2025ರಲ್ಲಿ ಮಾಲೀಕರೂ ವಂತಿಗೆ ಕೊಡತಕ್ಕದ್ದೆಂದು ಕಾನೂನಾಯಿತು.

ಇನ್ನು ನಮ್ಮ ದೇಶದ ಮಾತು. 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದವರಿಗೂ, 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರದ ಕೆಲಸಕ್ಕೆ ಸೇರಿದವರಿಗೂ ಹಳೆಯ ಪಿಂಚಣಿಯಿಲ್ಲ. ಸೇನೆಯನ್ನು ಇಲ್ಲಿಯೂ ಹೊರಗಿಟ್ಟಿರುವುದನ್ನು ವಾಚಕರು ಗಮನಿಸಬೇಕು. ಹಿಂದೆ, ಪೂರ್ಣ ಸೇವೆ ಸಲ್ಲಿಸಿದ ಗುಮಾಸ್ತೆಗೆ ಕಡೆಯ ಮೂಲವೇತನದ ಅರ್ಧವು ಸಾಯುವತನಕ ಬರುತ್ತಿದ್ದಿತು. ಬೆಲೆ ಏರಿದಂತೆ ತುಟ್ಟಿಭತ್ಯವೂ ಏರುತ್ತಿದ್ದಿತು. ಈಗ ನೌಕರನು ನೂರಕ್ಕೆ 10 ಕಟ್ಟುವನು. ಕೇಂದ್ರ ಸರ್ಕಾರವು ಮೊದಲು 10ರಂತೆ, 2019ರಿಂದ 14ರಂತೆ ಸೇರಿಸುತ್ತ ಬಂದಿದೆ. ಗಂಟು ಸಾಲಪತ್ರಗಳಲ್ಲಿಯೂ ಷೇರುಗಳಲ್ಲಿಯೂ ಬೆಳೆಯುವುದು. ನಿವೃತ್ತಿಯಲ್ಲಿ ಅದರ ನೂರರಲ್ಲಿ 40 ಪಾಲನ್ನಾದರೂ ವಿಮಾ ಸಂಸ್ಥೆಗೆ ಒಪ್ಪಿಸಿ, ಅದು ಕೊಡುವ ಮಾಸಾಶನವನ್ನು ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಆ ಮಾಸಾಶನವು ಬೆಲೆಯೊಡನೆ ಏರುವುದಿಲ್ಲ.

ಜನರ ಆಯುಸ್ಸು ಹೆಚ್ಚಿತು, ಬೊಕ್ಕಸವು ಈ ಭಾರವನ್ನು ತಾಳಲಾರದು ಎಂದು ಸರ್ಕಾರದ ಪಕ್ಷದವರು ಹೇಳುವುದು ಸುಳ್ಳಲ್ಲ. ಆದರೆ ಭಾರವು ಕರಗಿಹೋಗಲಿಲ್ಲ. ಹೆಗಲು ಮಾತ್ರ ಬದಲಾಯಿತು. ನಿವೃತ್ತಿಯ ವರ್ಷದಲ್ಲಿ ಪೇಟೆ ಕುಸಿದರೆ, ತಾನೆಣಿಸಿದುದಕ್ಕಿಂತ ಹತ್ತು ವರ್ಷ ಹೆಚ್ಚು ಬದುಕಿದರೆ ಏನು ಗತಿ ಎಂಬ ಚಿಂತೆಯು ಹಿಂದೆ ಹಣಕಾಸಿನ ಇಲಾಖೆಯದಾಗಿದ್ದಿತು. ಈಗ ಅದು ಗುಮಾಸ್ತೆಯ ಮನೆಯ ಪಡಸಾಲೆಯಲ್ಲಿ ಕುಳಿತಿದೆ. ಕೋಟ್ಯಂತರ ಜನರಿಗೆ ಹಂಚಿದರೆ ಹಗುರವಾಗುವ ಅನಿಶ್ಚಯವು ಒಬ್ಬೊಬ್ಬನ ಮೇಲೆಯೇ ಬಿದ್ದರೆ ಬಂಡೆಯಾಗುತ್ತದೆ. ಕೇಂದ್ರ ಸರ್ಕಾರವೂ ಇದನ್ನು ಅರ್ಧದಷ್ಟಾದರೂ ಒಪ್ಪಿಕೊಂಡಂತಿದೆ: 25 ವರ್ಷ ಸೇವೆ ಮಾಡಿದವರಿಗೆ ಕಡೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧವನ್ನು ಖಾತರಿಯಾಗಿ ಕೊಡುವ ಏರ್ಪಾಟು, ಬೇಕೆಂದವರಿಗೆ, 2025ರ ಏಪ್ರಿಲಿನಿಂದ ಜಾರಿಗೆ ಬಂದಿತು.

ಇಷ್ಟೆಲ್ಲವೂ ಸರ್ಕಾರದ ಸಂಬಳ ತಿಂದವರ ವಿಚಾರ. ಹೊಲದಲ್ಲಿ ಕಳೆ ಕಿತ್ತವಳಿಗೂ ಗಾರೆ ಹೊತ್ತವನಿಗೂ ಹಳೆಯ ಪಿಂಚಣಿಯೂ ಇರಲಿಲ್ಲ, ಹೊಸದೂ ಇಲ್ಲ. 2015ರಲ್ಲಿ ಹೊರಟ ಅಟಲ್ ಪಿಂಚಣಿ ಯೋಜನೆಯು ಇಂಥವರಿಗೆ 60ರ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿಯವರೆಗೆ ಖಾತರಿ ಕೊಡುತ್ತದೆ. ಅದಕ್ಕೂ ತಾರುಣ್ಯದಿಂದಲೇ ಕಂತು ಕಟ್ಟುತ್ತಿರಬೇಕು. ಕಟ್ಟಲಾರದೆ ಮುದುಕರಾದವರಿಗೆ ಕೇಂದ್ರದ ವೃದ್ಧಾಪ್ಯವೇತನವುಂಟು: 1995ರಲ್ಲಿ ಪ್ರಾರಂಭವಾದಾಗ ತಿಂಗಳಿಗೆ 75 ರೂಪಾಯಿ, 2007ರಲ್ಲಿ 200. ಎಂಬತ್ತು ತುಂಬದವರ ಪಾಲಿಗೆ ಆ 200 ರೂಪಾಯಿ ಹದಿನೈದು ವರ್ಷಕ್ಕೂ ಮಿಕ್ಕಿ ಕದಲಲಿಲ್ಲ. ರಾಜ್ಯ ಸರ್ಕಾರಗಳು ತಮ್ಮ ಕೈಯಿಂದ ಕೂಡಿಸಿ ಕೊಡುವುದರಿಂದ ಅಷ್ಟಿಷ್ಟು ನಡೆಯುತ್ತಿದೆ. ಗುಮಾಸ್ತೆಯ ಅರ್ಧ ಸಂಬಳಕ್ಕಾಗಿ ಊರೂರುಗಳಲ್ಲಿ ಮುಷ್ಕರಗಳಾದುವು, ಚುನಾವಣೆಗಳಲ್ಲಿ ವಾಗ್ದಾನಗಳಾದುವು. ಈ ಇನ್ನೂರು ರೂಪಾಯಿಗಾಗಿ ಆ ಗದ್ದಲದ ಹತ್ತರಲ್ಲೊಂದು ಪಾಲೂ ಕೇಳಿಬರಲಿಲ್ಲ.