ದ್ವೀಪಕ್ಕೊಂದು ಸುತ್ತು
ಮೈಸೂರಿನಿಂದ ಮಡಿಕೇರಿಗೆ ಹೊರಟವರು ಕುಶಾಲನಗರ ದಾಟುತ್ತಲೇ ಆಕ್ಸಿಲರೇಟರ್ ಒತ್ತುತ್ತಾರೆ. ಘಾಟಿ ಹತ್ತುವ ಆತುರ. ಅವರು ಬಿಟ್ಟು ಹೋಗುವ ಕಾವೇರಿ ನಿಸರ್ಗಧಾಮ ಅಲ್ಲಿಂದ ಎರಡು-ಮೂರು ಕಿಲೋಮೀಟರಿನಷ್ಟೇ ದೂರ. ಹೊಳೆ ಕವಲೊಡೆದು ಬಳಸಿಕೊಂಡ ಸುಮಾರು 64 ಎಕರೆಯ ದ್ವೀಪ ಅದು. ತೂಗುಸೇತುವೆ ದಾಟಿ, ನೀರನ್ನು ಒಂದೇ ಮಗ್ಗುಲಿಗೆ ಇಟ್ಟುಕೊಂಡು ನಡೆದರೆ ಹೊರಟಲ್ಲಿಗೇ ಬಂದು ಸೇರುತ್ತೀರಿ. ದಾರಿ ತಪ್ಪಬೇಕೆಂದರೂ ದ್ವೀಪದಲ್ಲಿ ಅಷ್ಟು ಜಾಗವಿಲ್ಲ. ಗದ್ದಲವೆಲ್ಲ ಸೇತುವೆಯ ಹತ್ತಿರವೇ. ಒಳಗೆ ಹೋದಂತೆ ಸಾಗುವಾನಿ, ಗಂಧದ ಮರಗಳ ನಡುವೆ ಬಿದಿರಿನದೇ ದರ್ಬಾರು. ಗಾಳಿ ಬೀಸಿದರೆ ಗಳಗಳು ಒಂದಕ್ಕೊಂದು ಉಜ್ಜಿ, ಎಣ್ಣೆ ಕಾಣದ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತವೆ. ನಮ್ಮ ಹೆಬ್ಬಿದಿರು ಹುಲ್ಲಿನ ಜಾತಿಯದು. ಹತ್ತಾರು ವರ್ಷ ಹೂವಿನ ಸುದ್ದಿಯೇ ಇಲ್ಲದೆ ಬೆಳೆದು, ಒಮ್ಮೆ ಹೂಬಿಟ್ಟು, ರಾಶಿ ರಾಶಿ ಬಿದಿರಕ್ಕಿ ಉದುರಿಸಿ, ಇಡೀ ಮೆಳೆಯೇ ಒಣಗಿಹೋಗುತ್ತದೆ. ಉದುರಿದ ಅಕ್ಕಿಗೆ ಇಲಿಗಳು ಮುತ್ತುತ್ತವೆ; ತಪ್ಪಿಸಿಕೊಂಡ ಕಾಳು ಮಳೆಗೆ ಮೊಳೆಯುತ್ತದೆ. ಈ ಕಥೆ ಗೊತ್ತಿದ್ದರೆ ಗಳಗಳ ಮೇಲೆ ಚಾಕುವಿನಿಂದ ಹೆಸರು ಕೆತ್ತುವ ಪ್ರೇಮಿಗಳು ಸ್ವಲ್ಪವಾದರೂ ನಾಚಿಕೊಳ್ಳುತ್ತಿದ್ದರೇನೋ! ನೀರಿಗಿಳಿಯುವ ಉತ್ಸಾಹ ಮಾತ್ರ ಬೇಡ. ಬೇಸಿಗೆಯಲ್ಲಿ ಬಂಡೆ ಕಾಣುವಷ್ಟು ತೆಳುವಾಗಿ ಹರಿದರೂ ಕಾವೇರಿಯ ಮಡುಗಳ ಆಳ ದಡದಿಂದ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಮಳೆ ನಿಂತ ಮೇಲಿನ ಅಕ್ಟೋಬರ್, ನವೆಂಬರ್ ಈ ಸುತ್ತಿಗೆ ಹದವಾದ ಕಾಲ. ಅದೂ ವಾರದ ನಡುವೆ, ಬೆಳಿಗ್ಗೆಯೇ. ಮುಂಗಾರಿನಲ್ಲಿ ಹೊಳೆ ಉಕ್ಕಿದಾಗ ಪ್ರವೇಶ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡೇ ಹೊರಡಿ.