ಕಿಲಿಮಂಜಾರೋಗೆ ಐದು ದಿನ ಸಾಲದು

ಕಿಲಿಮಂಜಾರೋ ಹತ್ತಲು ಹಗ್ಗ ಬೇಡ, ಪರ್ವತಾರೋಹಣದ ತರಬೇತಿಯೂ ಬೇಡ. ತಾಂಜಾನಿಯಾದ ಈ ಪರ್ವತದ ತುದಿಯಾದ ಉಹುರು ಶಿಖರ 5,895 ಮೀಟರ್ ಎತ್ತರದಲ್ಲಿದೆ. ಇಡೀ ಆಫ್ರಿಕಾದಲ್ಲೇ ಅದಕ್ಕಿಂತ ಎತ್ತರದ ಜಾಗವಿಲ್ಲ. ಆದರೂ ಕಾಲಲ್ಲಿ ಕಸುವಿದ್ದವರು ಯಾರು ಬೇಕಾದರೂ ಏರಬಹುದು ಎಂಬ ಹೆಸರು ಅದಕ್ಕೆ ಬಂದುಬಿಟ್ಟಿದೆ. ಹೊರಡುವವರು ಬೂಟು, ಜಾಕೆಟ್ಟು, ವಿಮಾನದ ಟಿಕೆಟ್ಟಿನ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಬೆಟ್ಟದ ಮೇಲೆ ಎಷ್ಟು ರಾತ್ರಿ ಕಳೆಯಬೇಕು ಎಂಬುದನ್ನು ಮಾತ್ರ ಪ್ಯಾಕೇಜಿನ ದರ ನೋಡಿ ತೀರ್ಮಾನಿಸುತ್ತಾರೆ. ಜೀವಕ್ಕೆ ಸಂಬಂಧಿಸಿದ ಪ್ರಶ್ನೆ ಅದೊಂದೇ.

ಎಲ್ಲಕ್ಕಿಂತ ಹಳೆಯದಾದ ಮರಂಗು ದಾರಿಯನ್ನೇ ನೋಡಿ. ಅದರ ಹೆಬ್ಬಾಗಿಲು ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿ ಎಲ್ಲಿ ಮುಗಿಯುತ್ತದೋ ಹೆಚ್ಚೂಕಮ್ಮಿ ಅಲ್ಲಿಂದ ಈ ಚಾರಣ ಶುರು. ಐದು ದಿನದ ಪ್ಯಾಕೇಜಿನಲ್ಲಿ ಮೊದಲ ರಾತ್ರಿ 2,720 ಮೀಟರಿನ ಮಂಡಾರಾದಲ್ಲಿ, ಎರಡನೆಯದು 3,720 ಮೀಟರಿನ ಹೊರೊಂಬೊದಲ್ಲಿ, ಮೂರನೆಯದು 4,720 ಮೀಟರಿನ ಕಿಬೊದಲ್ಲಿ. ಈ ದಾರಿಯಲ್ಲಿ ಡೇರೆ ಹಾಕುವಂತಿಲ್ಲ, ಮರದ ಗುಡಿಸಲುಗಳಲ್ಲೇ ಮಲಗಬೇಕು. ಆ ಗುಡಿಸಲುಗಳ ನಡುವೆ ಸಾವಿರ ಸಾವಿರ ಮೀಟರ್ ಏರು. ಆದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೆಡೆ ನಿಲ್ಲಬೇಕು ಎನ್ನುತ್ತದೆ ಪರ್ವತ ವೈದ್ಯಕೀಯದ ಮಾರ್ಗಸೂಚಿ. ಐದು ದಿನದ ಪ್ಯಾಕೇಜು ಮಿತಿಯ ದುಪ್ಪಟ್ಟು ಏರಿಸುತ್ತದೆ, ಅದೂ ಬಿಡುವೇ ಕೊಡದೆ.

ಮುಂದಿನದು ಇನ್ನೂ ಕಠಿಣ. ಕಿಬೊದಲ್ಲಿ ಸಂಜೆ ಒಂದಿಷ್ಟು ಕಣ್ಣು ಮುಚ್ಚಿದವರನ್ನು ನಡುರಾತ್ರಿಯ ಹೊತ್ತಿಗೆ ಎಬ್ಬಿಸುತ್ತಾರೆ. ಸಡಿಲ ಜಲ್ಲಿಯ ಇಳಿಜಾರು ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಕಾಲಿಗೆ ಹಿಡಿತ ಸಿಗುತ್ತದೆ. ಬಿಸಿಲೇರಿದರೆ ಒಂದು ಹೆಜ್ಜೆ ಮೇಲೆ ಇಟ್ಟಾಗ ಅರ್ಧ ಹೆಜ್ಜೆ ಕೆಳಗೆ ಜಾರುತ್ತದೆ. ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ ಮುಂದಿನವರ ಹಿಮ್ಮಡಿಯಷ್ಟೇ ಕಾಣುತ್ತದೆ. ಬೆನ್ನುಚೀಲದಿಂದ ಕುಡಿಯುವ ಕೊಳವೆಯೊಳಗೆ ನೀರು ಗಡ್ಡೆಕಟ್ಟುತ್ತದೆ. ಗೈಡುಗಳು ಸ್ವಾಹಿಲಿಯಲ್ಲಿ 'ಪೋಲೆ ಪೋಲೆ', ನಿಧಾನ ನಿಧಾನ, ಎನ್ನುತ್ತಲೇ ಇರುತ್ತಾರೆ. ಸುಮಾರು 1,200 ಮೀಟರಿನ ಈ ಏರನ್ನು ಒಂದೇ ರಾತ್ರಿಯಲ್ಲಿ ಮುಗಿಸಬೇಕು. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ.

ತಲೆನೋವು, ಓಕರಿಕೆ, ಸುಸ್ತು ಕಾಣಿಸಿದರೆ ಅದು ಎತ್ತರದ ಕಾಯಿಲೆಯ ಮೊದಲ ಮಟ್ಟ. ಅದನ್ನು ಕಡೆಗಣಿಸಿ ಏರಿದರೆ ಮಿದುಳು ಊದಿಕೊಳ್ಳಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎರಡೂ ಕೊಲ್ಲುತ್ತವೆ. ಅನುಮಾನ ಬಂದಾಗ ಮಾಡುವ ಪರೀಕ್ಷೆ ಬಲು ಸರಳ: ನೆಲದ ಮೇಲೊಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗುವಂತೆ ನಡೆಸುತ್ತಾರೆ. ಕುಡಿದವರಂತೆ ತೂರಾಡಿದರೆ ಆ ಕ್ಷಣವೇ ಕೆಳಗಿಳಿಸಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ.

'ನಾನು ಮ್ಯಾರಥಾನ್ ಓಡಿದವ, ನನಗೇನಾಗುತ್ತದೆ' ಎನ್ನುವವರೇ ಹೆಚ್ಚು ಎಚ್ಚರವಾಗಿರಬೇಕು. ದೇಹದಾರ್ಢ್ಯ ಈ ಕಾಯಿಲೆಯಿಂದ ಕಾಪಾಡದು. ಗಟ್ಟಿಮುಟ್ಟಾದವರು ಬೇಗ ಬೇಗ ಏರಿ ಬೇಗ ಹಾಸಿಗೆ ಹಿಡಿಯುವುದೂ ಉಂಟು. 2014ರಲ್ಲಿ ಕಾರ್ಲ್ ಎಗ್ಲೋಫ್ ಏಳು ಗಂಟೆಯೊಳಗೆ ಶಿಖರ ಮುಟ್ಟಿ ಕೆಳಗಿಳಿದ ಸಾಧನೆಯನ್ನು ಕೆಲವರು ಉದಾಹರಿಸುತ್ತಾರೆ. ಆತ ಹುಟ್ಟಿದ್ದು 2,800 ಮೀಟರ್ ಎತ್ತರದ ಕ್ವಿಟೊ ನಗರದಲ್ಲಿ, ವೃತ್ತಿಯಿಂದ ಪರ್ವತ ಗೈಡ್ ಎಂಬುದನ್ನು ಮರೆಯುತ್ತಾರೆ. 900 ಮೀಟರಿನ ಬೆಂಗಳೂರಿನಲ್ಲಿ ಕಚೇರಿ ಮುಗಿಸಿ ವಿಮಾನ ಹತ್ತಿದವರಿಗೆ ಆ ಲೆಕ್ಕ ಒಗ್ಗುವುದಿಲ್ಲ.

ಹಾಗಿದ್ದೂ ಐದು ದಿನದ ಪ್ಯಾಕೇಜು ಮಾರಾಟವಾಗುವುದು ದುಡ್ಡಿನ ಕಾರಣಕ್ಕೆ. ಈ ಬೆಟ್ಟವಿರುವ ರಾಷ್ಟ್ರೀಯ ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿದೆ, ಒಂದು ದಿನ ಕಡಿಮೆಯಾದರೆ ಬಿಲ್ಲೂ ಇಳಿಯುತ್ತದೆ. ರಜೆಯೂ ಉಳಿಯುತ್ತದೆ. ಇನ್ನೂ ಅಗ್ಗ ಬೇಕೆಂದರೆ ಹೊರೆ ಹೊರುವವರ ಕೂಲಿಗೆ, ಊಟಕ್ಕೆ ಕತ್ತರಿ ಬೀಳುತ್ತದೆ. ಅವರ ಹೊರೆಗೆ 20 ಕಿಲೋ ಮಿತಿ ಇದೆ, ಅವರ ಪರವಾಗಿ ದನಿಯೆತ್ತುವ ಸಂಸ್ಥೆಯೂ 2003ರಿಂದ ಕೆಲಸ ಮಾಡುತ್ತಿದೆ. ಆದರೂ ಚೌಕಾಸಿ ಮಾಡುವ ಗ್ರಾಹಕ ಇರುವವರೆಗೆ ಆ ಕತ್ತರಿ ನಿಲ್ಲದು.

ಮರಂಗುವಿನಲ್ಲಿ ಐದು ದಿನದ ಚಾರಣಕ್ಕೆ ಅನುಮತಿ ಕೊಡುವುದನ್ನೇ ತಾಂಜಾನಿಯಾದ ಉದ್ಯಾನ ಆಡಳಿತ ನಿಲ್ಲಿಸಬೇಕು. ಹೊರೊಂಬೊದಲ್ಲಿ ಎರಡು ರಾತ್ರಿ ಕಡ್ಡಾಯವಾಗಲಿ. ನಡುವಿನ ಹಗಲಲ್ಲಿ ಪಕ್ಕದ ಮಾವೆಂಜಿ ಶಿಖರದ ಕಡೆಗೆ 4,000 ಮೀಟರ್ ದಾಟಿ ಏರಿ, ಮತ್ತೆ ಹೊರೊಂಬೊಗೇ ಇಳಿದು ಮಲಗಿದರೆ ದೇಹ ತೆಳುಗಾಳಿಗೆ ಒಗ್ಗಿಕೊಳ್ಳುತ್ತದೆ. ಮಚಾಮೆ ಎಂಬ ಇನ್ನೊಂದು ದಾರಿಯಲ್ಲಿ ಇದು ಮೊದಲೇ ಇದೆ: ಮಧ್ಯಾಹ್ನ 4,600 ಮೀಟರಿನ ಲಾವಾ ಟವರ್ ಮುಟ್ಟಿ, ರಾತ್ರಿಗೆ ಸುಮಾರು 3,950 ಮೀಟರಿನ ಬರಾಂಕೊಗೆ ಇಳಿಯುತ್ತಾರೆ. ಆ ದಾರಿಯನ್ನೂ ಆರಕ್ಕಿಂತ ಏಳು ದಿನದಲ್ಲಿ ನಡೆಯುವುದು ಕ್ಷೇಮ.

ಸರ್ಕಾರದ ನಿಯಮ ಬರುವ ತನಕ ಚಾರಣಿಗರೇ ಕಟ್ಟುನಿಟ್ಟಾಗಬೇಕು. ಮುಂಗಡ ಕೊಡುವ ಮೊದಲೇ ಏಜೆನ್ಸಿಯನ್ನು ಕೇಳಬೇಕು: ಹೊರೊಂಬೊದಲ್ಲಿ ಎಷ್ಟು ರಾತ್ರಿ? ಯಾರಿಗಾದರೂ ಹುಷಾರು ತಪ್ಪಿದರೆ ಜೊತೆಗೆ ಇಳಿಯಲು ಇನ್ನೊಬ್ಬ ಗೈಡ್ ಇದ್ದಾರೆಯೇ? ಆಮ್ಲಜನಕದ ಸಿಲಿಂಡರ್ ಕಿಬೊದವರೆಗೂ ಬರುತ್ತದೆಯೇ? ದೇಹ ಎತ್ತರಕ್ಕೆ ಒಗ್ಗಲು ನೆರವಾಗುವ ಅಸೆಟಾಜೋಲಮೈಡ್ ಮಾತ್ರೆ ತನಗೆ ಸರಿಹೊಂದುತ್ತದೆಯೇ ಎಂದು ಊರಲ್ಲೇ ವೈದ್ಯರ ಬಳಿ ವಿಚಾರಿಸಿಕೊಂಡಿರಬೇಕು. ಏಜೆನ್ಸಿಯವರು ಉತ್ತರ ಕೊಡಲು ತಡವರಿಸಿದರೆ, ದರ ಎಷ್ಟೇ ಕಡಿಮೆಯಿದ್ದರೂ ಬೇರೆಯವರನ್ನು ಹುಡುಕಬೇಕು.